ಹುಣಸೆಮರದ ಕೆಳಗಿನ ಹಳೆಯ ಟ್ರ್ಯಾಕ್ಟರು



ನಮ್ಮ ಗಡಿ ಭಾಗದಲ್ಲಿ ಹಲವು ಹಳ್ಳಿಗಳಲ್ಲಿ ಕಾಣುವ ಒಂದು ನೋಟವಿದೆ. ಕಣದ ಮೂಲೆಯಲ್ಲೋ ಹುಣಸೆಮರದ ಕೆಳಗೋ ಒಂದು ಹಳೆಯ ಟ್ರ್ಯಾಕ್ಟರು ನಿಂತಿರುತ್ತದೆ. ಹಿಂದಿನ ಟೈರು ಅರ್ಧ ನೆಲಕ್ಕೆ ಕೂತಿದೆ. ಸೀಟಿನ ಮೇಲೆ ಕೋಳಿ ಮಲಗಿದೆ. ಮನೆಯವರನ್ನು ಕೇಳಿದರೆ, "ಇಂಜಿನ್ ಹೋಯ್ತು ನೋಡ್ರಿ, ಅಪ್ಪನ ಕಾಲದ್ದು" ಎನ್ನುತ್ತಾರೆ. ಗುಜರಿಯವನು ಆಗಲೇ ಒಂದೆರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿರುತ್ತಾನೆ.

"ಇಂಜಿನ್ ಹೋಯ್ತು" ಎಂಬ ಈ ಮಾತನ್ನು ಪರೀಕ್ಷೆ ಮಾಡದೆ ನಂಬಬೇಡಿ ಎಂದು ಹೇಳುವುದಕ್ಕೇ ಇವತ್ತಿನ ಈ ಭಾಷಣ. ನಿಂತ ಟ್ರ್ಯಾಕ್ಟರಿನಲ್ಲಿ ಬಹಳ ಸಲ ಕೆಟ್ಟಿರುವುದು ಇಂಜಿನ್ ಅಲ್ಲ. ಟ್ಯಾಂಕಿನಲ್ಲಿ ಸೇರಿದ ನೀರು, ತುಕ್ಕು ಹಿಡಿದ ಬ್ಯಾಟರಿಯ ಅರ್ಥ್ ತಂತಿ, ಹರಿದ ಒಂದು ಡಯಾಫ್ರಾಂ ಇಂಥವೇ ಇರುತ್ತವೆ. ಇಂಜಿನ್ನು ಬಿಚ್ಚುವುದು ಕಡೆಯ ಕೆಲಸ. ಅದನ್ನು ಮೊದಲು ಮಾಡಿದವರ ಮನೆಯಲ್ಲಿ ಟ್ರ್ಯಾಕ್ಟರು ನಾಲ್ಕು ಗೋಣಿಚೀಲಗಳಲ್ಲಿ ಉಳಿಯುತ್ತದೆ.

ಪಾನಾ ಹಿಡಿಯುವುದಕ್ಕಿಂತ ಮುಂಚೆ ಕಾಗದ ನೋಡಿ. ಒಳನಾಡಿನವರಿಗಿಂತ ನಮಗೆ ಇದು ಹೆಚ್ಚು ಮುಖ್ಯ. ಗಡಿಯಲ್ಲಿ ಟ್ರ್ಯಾಕ್ಟರು ಒಂದು ರಾಜ್ಯದಲ್ಲಿ ಕೊಂಡದ್ದು, ಉಳುವುದು ಇನ್ನೊಂದರಲ್ಲಿ, ಯಜಮಾನರ ಹೆಸರು ಮೂರನೆಯವರದ್ದು ಎಂಬುದು ಸಾಮಾನ್ಯ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಆ ರಾಜ್ಯದ ಹೊಸ ನಂಬರು ಪಡೆಯಬೇಕು. ಅದಕ್ಕೆ ಹಳೆಯ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲ ಸಲಕ್ಕೆ 15 ವರ್ಷ ನಡೆಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ ನವೀಕರಿಸಬೇಕು. ಶುಲ್ಕ ಆಗಾಗ ಬದಲಾಗುತ್ತದೆ, ಕಚೇರಿಯಲ್ಲೇ ವಿಚಾರಿಸಿ. ಆರ್.ಸಿ. ಪುಸ್ತಕದಲ್ಲಿ ಹಳೆಯ ಬ್ಯಾಂಕ್ ಸಾಲದ ನಮೂದು ಇದ್ದರೆ, ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಬ್ಯಾಂಕಿನ ಪತ್ರ ತಂದು ಆ ನಮೂದನ್ನು ತೆಗೆಸಬೇಕು. ಚಾಸಿಸ್ ನಂಬರು, ಇಂಜಿನ್ ನಂಬರು ಆರ್.ಸಿ.ಯೊಂದಿಗೆ ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ. ತುಕ್ಕು ಉಜ್ಜುವ ಭರದಲ್ಲಿ ನಂಬರಿನ ಮೇಲೆ ಗ್ರೈಂಡರು ಆಡಿಸಿಬಿಟ್ಟರೆ ಆ ಗಾಡಿಗೆ ರಸ್ತೆಯ ಋಣ ತೀರಿದಂತೆಯೇ. ಇಷ್ಟೂ ಸರಿಯಾಗುವುದಿಲ್ಲ ಎಂದು ಗೊತ್ತಾದರೆ, ಹೊಲದೊಳಗೆ ಮಾತ್ರ ಓಡುವ ಗಾಡಿಗೆ ಎಷ್ಟು ಹಣ ಹಾಕಬಹುದೆಂದು ಆಗಲೇ ತೀರ್ಮಾನಿಸಿ.

ಈಗ ಟ್ರ್ಯಾಕ್ಟರಿಗೆ ಬರೋಣ. ಎಲ್ಲ ಮಾದರಿಗಳನ್ನೂ ಹೇಳುತ್ತ ಹೋದರೆ ಸಮಯ ಸಾಲದು. ನಮ್ಮ ಕಡೆ ಬಹಳ ಪರಿಚಿತವಾದ ಮ್ಯಾಸಿ ಫರ್ಗ್ಯೂಸನ್ 1035ನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದರ ವಂಶ ದೊಡ್ಡದು. ಹ್ಯಾರಿ ಫರ್ಗ್ಯೂಸನ್ ಎಂಬ ಐರ್ಲೆಂಡಿನ ಮನುಷ್ಯ ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೇ ಸೇರಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಪದ್ಧತಿಯನ್ನು ರೂಪಿಸಿದರು. 1946ರಿಂದ 1956ರ ವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವರ ಬೂದು ಬಣ್ಣದ ಸಣ್ಣ ಟ್ರ್ಯಾಕ್ಟರುಗಳು 5 ಲಕ್ಷಕ್ಕೂ ಹೆಚ್ಚು. ಅದರ ನಂತರ ಬಂದದ್ದು 35. ಮದ್ರಾಸಿನಲ್ಲಿ 1960ರಲ್ಲಿ ಸ್ಥಾಪನೆಯಾದ ಟಾಫೆ ಕಂಪೆನಿ ಇದೇ ವಂಶವನ್ನು ನಮ್ಮ ದೇಶದಲ್ಲಿ ಮುಂದುವರಿಸಿತು. ಅದೇ ಊರಿನ ಸಿಂಪ್ಸನ್ ಕಂಪೆನಿ ಪರ್ಕಿನ್ಸ್ ಮಾದರಿಯ ಡೀಸೆಲ್ ಇಂಜಿನ್ ತಯಾರಿಸುತ್ತಿತ್ತು. ಅದಕ್ಕೇ ನಮ್ಮ ಮಿಸ್ತ್ರಿಗಳು ಇಂದಿಗೂ "ಸಿಂಪ್ಸನ್ ಇಂಜಿನ್" ಎನ್ನುತ್ತಾರೆ.

ಈ ಇತಿಹಾಸದಿಂದ ಒಂದು ನೇರ ಉಪಯೋಗವಿದೆ. ಮ್ಯಾಸಿ ಇಂಗ್ಲಿಷ್ ವಂಶದ್ದಾದ್ದರಿಂದ ಹಳೆಯವುಗಳಲ್ಲಿ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಎಚ್.ಎಂ.ಟಿ. ಟ್ರ್ಯಾಕ್ಟರು ಚೆಕೊಸ್ಲೊವಾಕಿಯದ ಝೆಟರ್ ವಂಶದ್ದು, ಅಲ್ಲಿ ಮಿಲಿಮೀಟರು. ಇಂಚಿನ ನಟ್ಟಿಗೆ ಮಿಲಿಮೀಟರಿನ ಪಾನಾ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ಗ್ಯಾಸ್ ಕಟರು, ಹೀಗೆ ಒಂದು ಗಂಟೆಯ ಕೆಲಸ ಎರಡು ದಿನಕ್ಕೆ ಬೆಳೆಯುತ್ತದೆ. ಎರಡೂ ಅಳತೆಯ ಸೆಟ್ಟು ಇಟ್ಟುಕೊಳ್ಳಿ.

ಮೊದಲ ಪರೀಕ್ಷೆ ಎಣ್ಣೆಯದು. ಇಂಜಿನ್ನಿನ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಕಪ್ಪಾಗಿದ್ದರೆ ಚಿಂತೆಯಿಲ್ಲ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ಗುರುತಿಗಿಂತ ಮೇಲೆ ಹೋಗಿ, ಎಣ್ಣೆ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ, ಇಂಜಿನ್ನಿನ ಬದಿಗಿರುವ ಫೀಡ್ ಪಂಪಿನ ಡಯಾಫ್ರಾಂ ಹರಿದು ಡೀಸೆಲ್ ಒಳಗೆ ಇಳಿಯುತ್ತಿರುವ ಸಂಭವ ಹೆಚ್ಚು. ಇದು ಅಗ್ಗದ ರಿಪೇರಿ. ಆದರೆ ತೆಳುವಾದ ಆ ಎಣ್ಣೆಯಲ್ಲಿಯೇ ಇಂಜಿನ್ ಓಡಿಸಿದರೆ ಬೇರಿಂಗು ಹೋಗಿ, ಆಗ ನಿಜವಾಗಿಯೂ "ಇಂಜಿನ್ ಹೋಯ್ತು" ಎನ್ನಬೇಕಾಗುತ್ತದೆ.

ಎರಡನೆಯದು, ಇಂಜಿನ್ ತಿರುಗುತ್ತದೆಯೇ ಎಂಬುದು. ಗೇರು ನ್ಯೂಟ್ರಲ್ ಮಾಡಿ, ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ ನಿಧಾನವಾಗಿ ಸರಿಯಾದ ದಿಕ್ಕಿಗೆ ತಿರುಗಿಸಿ. ತಿರುಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಆಸೆ ಬೇಡ. ಕಚ್ಚಿಕೊಂಡ ಪಿಸ್ಟನ್ನನ್ನು ಎಳೆದು ಬಿಡಿಸಿದರೆ ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡು ಬಾಗುತ್ತದೆ. ಮೇಲಿನ ಮುಚ್ಚಳ ತೆಗೆದು ವಾಲ್ವುಗಳು ಮೇಲೆ ಕೆಳಗೆ ಆಡುತ್ತವೆಯೇ ನೋಡಿ, ಅಂಟಿಕೊಂಡ ವಾಲ್ವು ಪುಶ್‌ರಾಡನ್ನು ಬಗ್ಗಿಸುತ್ತದೆ. ಇಂಜೆಕ್ಟರುಗಳನ್ನು ಬಿಚ್ಚಿ, ಆ ತೂತುಗಳಿಂದ ಪ್ರತಿ ಸಿಲಿಂಡರಿಗೂ ಸ್ವಲ್ಪ ಡೀಸೆಲ್ಲು, ಸ್ವಲ್ಪ ತೆಳು ಎಣ್ಣೆ ಬೆರೆಸಿ ಹಾಕಿ. ದಿನಕ್ಕೊಮ್ಮೆ ಪಾನಾದಿಂದ ಒಂದು ಕೂದಲೆಳೆಯಷ್ಟು ಆಚೆ, ಒಂದು ಕೂದಲೆಳೆಯಷ್ಟು ಈಚೆ ಆಡಿಸಿ. ಕಾಸರಗೋಡಿನ ಮಳೆ ತಿಂದ ಗಾಡಿಗೆ ವಾರವಲ್ಲ, ಎರಡು ವಾರವೇ ಬೇಕಾಗಬಹುದು. ಸೊಲ್ಲಾಪುರದ ಒಣ ಹವೆಯಲ್ಲಿ ಸೂರಿನ ಕೆಳಗೆ ನಿಂತದ್ದು ಎರಡು ದಿನಕ್ಕೇ ಬಿಟ್ಟುಕೊಡಬಹುದು. ತಿರುಗಿದ ಮೇಲೆ ಇಂಜೆಕ್ಟರು ಹಾಕುವ ಮುಂಚೆ ಒಳಗಿನ ಎಣ್ಣೆಯೆಲ್ಲ ಹೊರಗೆ ಬರುವ ಹಾಗೆ ಹಲವು ಸುತ್ತು ತಿರುಗಿಸಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಉಳಿದ ಎಣ್ಣೆಯೇ ರಾಡನ್ನು ಬಗ್ಗಿಸುತ್ತದೆ.

ಮೂರನೆಯದು ಡೀಸೆಲ್ ದಾರಿ. ನಿಂತ ಗಾಡಿಯ ಬಹುಪಾಲು ರೋಗ ಇಲ್ಲೇ ಇರುತ್ತದೆ. ಅರ್ಧ ಖಾಲಿಯಿದ್ದ ಟ್ಯಾಂಕಿನೊಳಗೆ ಹವೆಯ ತೇವ ನೀರಾಗಿ ತಳ ಸೇರುತ್ತದೆ. ಟ್ಯಾಂಕನ್ನು ಪೂರ್ತಿ ಇಳಿಸಿ ತೊಳೆಯಿರಿ, ಫಿಲ್ಟರು ಬದಲಿಸಿ. ಹಲವು ಮ್ಯಾಸಿಗಳಲ್ಲಿರುವ ಸಿ.ಎ.ವಿ. ಮಾದರಿಯ ರೋಟರಿ ಪಂಪಿಗೆ ಒಳಗಿನ ಜಾರುವಿಕೆ ಡೀಸೆಲ್ಲಿನಿಂದಲೇ ಆಗಬೇಕು. ಅದಕ್ಕೆ ನೀರು ವಿಷವಿದ್ದ ಹಾಗೆ. ಇನ್ನು ಬೆಂಗಳೂರಿನ ಮೈಕೋ ಕಾರ್ಖಾನೆಯ ಸಾಲುಪಂಪು ಇರುವ ಗಾಡಿಗಳಲ್ಲಿ ಪಂಪಿನ ತಳಕ್ಕೆ ಬೇರೆಯೇ ಎಣ್ಣೆ ಹಾಕುವ ವ್ಯವಸ್ಥೆ ಇರುವುದುಂಟು. ಮೈಕೋ 1951ರಲ್ಲಿ ಸ್ಥಾಪನೆಯಾದದ್ದು, 2008ರಿಂದ ಬಾಷ್ ಎಂಬ ಹೆಸರು. ಆ ಎಣ್ಣೆಯನ್ನು ಯಾರೂ ನೋಡುವುದಿಲ್ಲ. ನೀವು ನೋಡಿ.

ಆಮೇಲೆ ಗಾಳಿ ತೆಗೆಯುವುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈಹಿಡಿಯನ್ನು ಒತ್ತುತ್ತಿರಿ. ನೊರೆ ನಿಂತು ಶುದ್ಧ ಡೀಸೆಲ್ ಬಂದಾಗ ಬಿಗಿ ಮಾಡಿ, ನಂತರ ಪಂಪಿನ ಸ್ಕ್ರೂ, ಕಡೆಗೆ ಇಂಜೆಕ್ಟರಿನ ಪೈಪು. ಕೈಹಿಡಿ ಒತ್ತಿದರೂ ಏನೂ ಹಿಡಿತ ಸಿಗದಿದ್ದರೆ ಪಂಪು ಕೆಟ್ಟಿದೆಯೆಂದು ಬಿಸಾಡಬೇಡಿ. ಒಳಗಿನ ಕ್ಯಾಮು ಅದನ್ನು ಎತ್ತಿ ಹಿಡಿದಿರಬಹುದು. ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಒಂದು ಎಚ್ಚರಿಕೆ. ಇಂಜೆಕ್ಟರಿನ ಸಿಂಪಡಿಕೆಗೆ ಎಂದೂ ಬೆರಳು ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಇಲ್ಲದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ವಿದ್ಯುತ್ತಿನ ವಿಷಯ ಚಿಕ್ಕದು. ಬ್ಯಾಟರಿ ಹೊಸದಾದರೂ ಸ್ಟಾರ್ಟರು ಮುಲುಗಿದರೆ, ಅರ್ಥ್ ತಂತಿ ಚಾಸಿಸ್ಸಿಗೆ ಸೇರುವ ಜಾಗವನ್ನು ಹೊಳೆಯುವ ತನಕ ಉಜ್ಜಿ. ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆಯನ್ನು ಅರ್ಥ್ ಮಾಡುತ್ತಿದ್ದರು. ಹಿಂದಿನವರು ಹೇಗೆ ಕಟ್ಟಿದ್ದರೆಂದು ನೋಡದೆ ತಂತಿ ಸೇರಿಸಬೇಡಿ.

ರೇಡಿಯೇಟರಿನ ಬಗ್ಗೆ ಗಡಿಯ ಒಣ ಸೀಮೆಯವರಿಗೆ ವಿಶೇಷವಾಗಿ ಹೇಳಬೇಕು. ರಾಯದುರ್ಗ, ಮಡಕಶಿರಾ, ಜತ್ತದ ಕಡೆ ಬೋರಿನ ಗಡಸು ನೀರನ್ನೇ ತುಂಬುವುದು ರೂಢಿ. ಟೀ ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಸುಣ್ಣವೇ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಮೂರು ಎಕರೆ ಉತ್ತರೆ ಕುದಿಯುವ ಟ್ರ್ಯಾಕ್ಟರಿಗೆ ಇದೇ ಕಾರಣವಿರಬಹುದು. ಒಳಗಿನ ಜಿಡ್ಡು, ಕೆಸರನ್ನು ತೊಳೆಯುವ ಸೋಡಾ ಬಿಸಿನೀರಿನಲ್ಲಿ ಕರಗಿಸಿ ಓಡಿಸಿ ತೆಗೆಯಿರಿ. ಗಟ್ಟಿಯಾಗಿ ಕಟ್ಟಿದ ಸುಣ್ಣಕ್ಕೆ ರೇಡಿಯೇಟರನ್ನು ಬಿಚ್ಚಿ ಅಂಗಡಿಗೇ ಕೊಡಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಬೇಡ. ನಂತರ ಮಳೆನೀರು ಅಥವಾ ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ತುಂಬಿ. ನೀಲಗಿರಿಯಲ್ಲಿ ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವುದರಿಂದ ಅಲ್ಲಿ ಕೂಲೆಂಟ್ ಇಂಜಿನ್ ಒಡೆಯದಂತೆ ಕಾಯುತ್ತದೆ. ಉಳಿದ ಕಡೆ ತುಕ್ಕಿನಿಂದ ಕಾಯುತ್ತದೆ. ಹಳೆಯ ಐಷರ್ ಇರುವವರಿಗೆ ಈ ಮಾತು ಬೇಡ. 1959ರಲ್ಲಿ ಫರೀದಾಬಾದಿನಿಂದ ಹೊರಬಂದ ಆ ವಂಶದ್ದು ಗಾಳಿಯಿಂದ ತಣಿಯುವ ಇಂಜಿನ್. ಅದರ ರೆಕ್ಕೆಗಳ ನಡುವಿನ ಹೊಟ್ಟು, ಜಿಡ್ಡು ತೆಗೆದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಿಲಿಂಡರು ದುರ್ಬಲ, ನೀಲಿ ಹೊಗೆ, ಉಸಿರು ಕೊಳವೆಯಿಂದ ಬುಸುಬುಸು ಎಂದರೆ ಆಗ ಬಿಚ್ಚಿ. ಪರ್ಕಿನ್ಸ್ ಮೂಲದ ಆ ಇಂಜಿನ್ ಮೂರು ಸಿಲಿಂಡರಿನದು, 152 ಕ್ಯೂಬಿಕ್ ಇಂಚು, ಅಂದರೆ ಸುಮಾರು 2.5 ಲೀಟರು. ಅದರ ಲೈನರು ಒಣ ಮಾದರಿಯದು, ಬ್ಲಾಕಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಅದನ್ನು ತೆಗೆದು ಹಾಕಲು ಪ್ರೆಸ್ಸು, ಬೋರಿಂಗು ಬೇಕಾದ್ದರಿಂದ ಬ್ಲಾಕನ್ನು ಪೇಟೆಗೇ ಒಯ್ಯಬೇಕು. ಝೆಟರ್ ವಂಶದ ಎಚ್.ಎಂ.ಟಿ.ಯಲ್ಲಿ ಲೈನರಿನ ಸುತ್ತ ನೀರೇ ಇರುತ್ತದೆ. ಅದನ್ನು ಜಾಣ ಮಿಸ್ತ್ರಿ ಮನೆಯಂಗಳದಲ್ಲೇ ಬದಲಿಸಬಲ್ಲ. ಆದರೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಆರಂಭವಾದ ಎಚ್.ಎಂ.ಟಿ. ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ನಿರ್ಧರಿಸಿತು. ಹೀಗಾಗಿ ಬಿಚ್ಚುವ ಮೊದಲೇ ಬಿಡಿಭಾಗ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಳ್ಳಿ. ಜೋಡಿಸುವಾಗ ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದಲೇ ಬಿಗಿ ಮಾಡಿ. ಈ ಪರ್ಕಿನ್ಸ್ ಇಂಜಿನ್ನಿಗೆ ಟ್ಯಾಪೆಟ್ ಅಂತರ ತಣ್ಣಗಿದ್ದಾಗ 0.30 ಮಿಲಿಮೀಟರು, ಬಿಸಿಯಿದ್ದಾಗ 0.25. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಪುಸ್ತಕದ ಮಾತೇ ಸರಿ.

ಮ್ಯಾಸಿಯ ಹಿಂಭಾಗದ ವಿಷಯ ಕೇಳಿ. ಗೇರುಬಾಕ್ಸು, ಹಿಂದಿನ ಆಕ್ಸಲು, ಹೈಡ್ರಾಲಿಕ್ಕು ಮೂರಕ್ಕೂ ಒಂದೇ ಎಣ್ಣೆ, 30 ಲೀಟರಿನ ಆಸುಪಾಸು. ಗೇರು ಲಿವರಿನ ಬುಡದಲ್ಲಿ ರಬ್ಬರಿನ ಟೋಪಿ ಇರುತ್ತದೆ. ಅದು ಒಡೆದರೆ ಪ್ರತಿ ಮಳೆಯ ನೀರೂ ಅಲ್ಲಿಂದಲೇ ಒಳಗೆ. ನೇಗಿಲು ಅರ್ಧಕ್ಕೇ ಎತ್ತುತ್ತದೆ, ನಡುಗುತ್ತದೆ ಎಂದು ಸಾವಿರಾರು ರೂಪಾಯಿಯ ಪಂಪು ಕೊಳ್ಳುವ ಮೊದಲು ಆ ಎಣ್ಣೆಯನ್ನು ಇಳಿಸಿ ಬಣ್ಣ ನೋಡಿ. ಒಂದು ಟೋಪಿಯ ಬೆಲೆಯಲ್ಲಿ ಕೆಲಸ ಮುಗಿದರೂ ಮುಗಿದೀತು.

ಹಣ ಕಡಿಮೆಯಿದ್ದರೆ ಮೊದಲ ರೂಪಾಯಿ ಬ್ರೇಕಿಗೆ ಹೋಗಲಿ. ಇಂಜಿನ್ ಓಡದ ಟ್ರ್ಯಾಕ್ಟರು ಯಾರನ್ನೂ ಕೊಲ್ಲುವುದಿಲ್ಲ. ಹಳೆಯ ಮ್ಯಾಸಿಯಲ್ಲಿ ಹಿಂದಿನ ಚಕ್ರದ ಒಳಗೆ ಡ್ರಮ್ ಬ್ರೇಕು ಇರುತ್ತದೆ. ಆಕ್ಸಲಿನ ಸೀಲು ಸೋರಿದರೆ ಎಣ್ಣೆ ನೇರವಾಗಿ ಲೈನಿಂಗಿನ ಮೇಲೆ. ಸೀಲು ಹಾಕದೆ ಲೈನಿಂಗು ಮಾತ್ರ ಬದಲಿಸಿದರೆ ತಿಂಗಳಲ್ಲಿ ಮತ್ತೆ ಅದೇ ಗತಿ. ಹಳೆಯ ಲೈನಿಂಗಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಬಾಯಿಂದಲೋ ಕಂಪ್ರೆಸರಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಎಡ ಬಲದ ಎರಡು ಪೆಡಲುಗಳನ್ನು ಒಟ್ಟಿಗೆ ಹಿಡಿಯುವ ಕೊಂಡಿ ಇದ್ದೇ ಇರಬೇಕು. ಹಳೆಯ ಗಾಡಿಗಳಲ್ಲಿ ಅದು ಬಿದ್ದುಹೋಗಿರುತ್ತದೆ. ಕಬ್ಬಿನ ಟ್ರಾಲಿ ಎಳೆಯುತ್ತ ರಸ್ತೆಯಲ್ಲಿ ಒಂದೇ ಪೆಡಲು ಒತ್ತಿದರೆ ಗಾಡಿ ಒಂದೇ ಕಡೆ ತಿರುಗಿ ಮಗುಚುತ್ತದೆ. ಸ್ಟಿಯರಿಂಗಿನ ಆಟ, ಮುಂದಿನ ಚಕ್ರದ ಬೇರಿಂಗು ಇವೂ ಬ್ರೇಕಿನ ಜೊತೆಗೇ ಆಗಬೇಕಾದ ಕೆಲಸ.

ಇನ್ನು ತುಕ್ಕು. ತೆಲುಗಿನವರು ತುಪ್ಪು ಎನ್ನುತ್ತಾರೆ, ತಮಿಳಿನವರು ತುರು, ಮಲಯಾಳದವರು ತುರುಂಬು, ಮರಾಠಿಯವರು ಗಂಜ. ಹೆಸರು ಯಾವುದಾದರೂ ಅದು ತಿನ್ನುವುದು ಒಂದೇ ಕಬ್ಬಿಣವನ್ನು. ಸಣ್ಣ ಭಾಗಗಳಿಗೆ ಒಂದು ಅಗ್ಗದ ಉಪಾಯವಿದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಳುಗಿಸಿಡಿ. ಒಂದೆರಡು ವಾರದಲ್ಲಿ ತುಕ್ಕು ಬಿಟ್ಟು ಒಳಗಿನ ಲೋಹ ಬೂದು ಬಣ್ಣಕ್ಕೆ ತಿರುಗುತ್ತದೆ. ವಾಸನೆ ಮಾತ್ರ ಸಹಿಸಬೇಕು, ಡ್ರಮ್ಮನ್ನು ಅಡುಗೆಮನೆಯ ಗಾಳಿಗೆ ಇಡಬೇಡಿ. ಕಾರ್ಖಾನೆಯ ಕಾಕಂಬಿಗೆ ಅಬಕಾರಿ ಕಾನೂನಿನ ಕಟ್ಟಿದೆ. ಅದು ಸಿಗದಿದ್ದರೆ ಕೆಟ್ಟುಹೋದ ಬೆಲ್ಲದ ನೀರಿನಲ್ಲಿ ಒಂದೆರಡು ಬೋಲ್ಟು ಹಾಕಿ ಪರೀಕ್ಷಿಸಬಹುದು. ಆಂಧ್ರದ ಕಾಳಹಸ್ತಿಯ ಕಲಂಕಾರಿ ಕಲಾವಿದರು ಕಬ್ಬಿಣದ ತುಂಡುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ ಕಪ್ಪು ಬಣ್ಣ ಮಾಡುವುದೂ ಬೆಲ್ಲದ ನೀರು ಕಬ್ಬಿಣವನ್ನು ಕರಗಿಸುವ ಇದೇ ಗುಣದಿಂದ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಇದರಲ್ಲಿ ಹಾಕಬಾರದು. ತೆಗೆದೊಡನೆ ತೊಳೆದು ಒಣಗಿಸಿ ಅದೇ ದಿನ ಪ್ರೈಮರು ಬಳಿಯಿರಿ. ಬಣ್ಣ ಎಲ್ಲಕ್ಕಿಂತ ಕಡೆಗೆ. ಬಣ್ಣ ಮೊದಲು ಹಚ್ಚಿದ ಗಾಡಿಯನ್ನು ಕೊಳ್ಳುವವರು ಹುಷಾರಾಗಿರಬೇಕು, ಅದರ ಕೆಳಗೆ ಏನಿದೆಯೋ ಯಾರಿಗೆ ಗೊತ್ತು.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಮಕ್ಕಳೂ ನೆರೆಯವರೂ ಸೇರುತ್ತಾರೆ. ಅವರನ್ನು ದೂರ ನಿಲ್ಲಿಸಿ. ಬಹುಕಾಲ ನಿಂತ ಪಂಪಿನೊಳಗೆ ರ‍್ಯಾಕು ಅಂಟಿಕೊಂಡಿದ್ದರೆ ಇಂಜಿನ್ ಒಮ್ಮೆ ಹತ್ತಿಕೊಂಡಿದ್ದು ನಿಲ್ಲದೆ ವೇಗ ಏರಿಸುತ್ತಲೇ ಹೋಗಬಹುದು. ಎಣ್ಣೆಯ ಏರ್ ಕ್ಲೀನರಿನಲ್ಲಿ ಗುರುತು ಮೀರಿ ಎಣ್ಣೆ ತುಂಬಿದರೂ ಹೀಗಾಗುತ್ತದೆ, ಇಂಜಿನ್ ಆ ಎಣ್ಣೆಯನ್ನೇ ಹೀರಿ ಓಡುತ್ತದೆ. ಆದ್ದರಿಂದ ಸ್ಟಾಪ್ ಗುಂಡಿ ಎಳೆದಾಗ ಪಂಪಿನ ಲಿವರು ಪೂರ್ತಿ ಆಡುತ್ತದೆಯೇ ಎಂದು ಮೊದಲೇ ನೋಡಿ. ಗಾಳಿ ಹೋಗುವ ಬಾಯಿಯನ್ನು ಮುಚ್ಚಲು ಒಂದು ದಪ್ಪ ಹಲಗೆ ಹಿಡಿದು ಒಬ್ಬರು ಸಿದ್ಧವಿರಲಿ. ಕೈಯಿಂದ ಮುಚ್ಚಬಾರದು, ಬಟ್ಟೆಯಿಂದಲೂ ಬೇಡ, ಎಳೆದುಕೊಂಡುಬಿಡುತ್ತದೆ. ಹತ್ತಿಕೊಂಡ ಕೂಡಲೇ ಎಣ್ಣೆಯ ಒತ್ತಡದ ಮುಳ್ಳು ನೋಡಿ. ಅದು ಏಳದಿದ್ದರೆ ನಿಲ್ಲಿಸಿ.

ಹೊಲಕ್ಕೆ ಇಳಿಸಿದ ಮೇಲೆ ಮೊದಲು ಹಗುರ ಕೆಲಸ ಕೊಡಿ. ಮರದ ಬೊಡ್ಡೆಯನ್ನೋ ಕೆಸರಿನಲ್ಲಿ ಸಿಕ್ಕ ಗಾಡಿಯನ್ನೋ ಎಳೆಯಬೇಕಾದರೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಮೇಲಿನ ಟಾಪ್‌ಲಿಂಕಿಗೋ ಆಕ್ಸಲಿಗೋ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಜಿಗಿಯುವಷ್ಟು ಸಮಯ ಸಿಗುವುದಿಲ್ಲ. ಇಂಥ ಹಳೆಯ ಗಾಡಿಗಳಲ್ಲಿ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು ಸಾಮಾನ್ಯವಾಗಿ ಇರುವುದಿಲ್ಲ. ಹಿಂದಿನ ಪಿ.ಟಿ.ಒ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅದರ ಮೇಲಿನ ತಗಡಿನ ಹೊದಿಕೆ ಇಲ್ಲದಿದ್ದರೆ ಒಂದನ್ನು ಮಾಡಿಸಿ ಹಾಕಿ. ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಅದಕ್ಕೆ ಸಿಕ್ಕರೆ ಬಿಡಿಸುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

ಇಂಜಿನ್ ಬಿಚ್ಚಿ ಜೋಡಿಸಿದ್ದಾದರೆ ಮೊದಲ 50 ಗಂಟೆ ಪೂರ್ತಿ ಭಾರ ಹಾಕಬೇಡಿ, ಹಾಗೆಂದು ಗಂಟೆಗಟ್ಟಲೆ ಸುಮ್ಮನೆ ಐಡಲಿನಲ್ಲೂ ಬಿಡಬೇಡಿ. ಅದಾದ ಮೇಲೆ ಎಣ್ಣೆ, ಫಿಲ್ಟರು ಬದಲಿಸಿ, ಪುಸ್ತಕದಲ್ಲಿ ಹೇಳಿದ್ದರೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಟ್ಯಾಪೆಟ್ ಪುನಃ ನೋಡಿ. ಗಂಟೆಯ ಮೀಟರು ಕೆಟ್ಟಿದ್ದರೆ ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೆ ಎಷ್ಟು ಗಂಟೆ ಉತ್ತಿರೆಂದು ಪೆನ್ಸಿಲಿನಲ್ಲಿ ಬರೆದಿಡಿ.